ಲ್ಯಾಪ್‌ಹಂಡೋ, ಪೊರೊಕೊಯಿರಾವೋ?

ಪ್ರಶ್ನೆ: ಮೈಸೂರಿನವರಾದ ನಾವು ಐದು ವರ್ಷಗಳಿಂದ ಫಿನ್ಲೆಂಡಿನ ಔಲು ನಗರದಲ್ಲಿದ್ದೇವೆ. ಸಾಲುಮನೆ, ಹಿಂದೆ ಚಿಕ್ಕ ಅಂಗಳ. ಮಕ್ಕಳಿಗೆ ಒಂಬತ್ತು ಮತ್ತು ಆರು ವರ್ಷ. ಇಲ್ಲಿನದೇ ತಳಿಯ ನಾಯಿ ಸಾಕುವ ಆಸೆ. ಮಕ್ಕಳಿಗೆ ಉದ್ದ ಕೂದಲಿನ ಫಿನ್ನಿಷ್ ಲ್ಯಾಪ್‌ಹಂಡ್ ಇಷ್ಟ. ಗಿಡ್ಡ ಕೂದಲಿನ ಲಾಪಿನ್‌ಪೊರೊಕೊಯಿರಾ ತಂದರೆ ಮನೆ ತುಂಬ ಕೂದಲಾಗುವುದಿಲ್ಲ ಎಂಬುದು ನಮ್ಮ ಯಜಮಾನರ ವಾದ. ಯಾವುದು ಒಳ್ಳೆಯದು? ಮೂರು ನಾಲ್ಕು ವರ್ಷದಲ್ಲಿ ಊರಿಗೆ ಮರಳುವ ಯೋಚನೆಯೂ ಇದೆ.
– ಓದುಗರೊಬ್ಬರು, ಔಲು

ಉತ್ತರ: ಯಜಮಾನರ ವಾದವನ್ನು ಮೊದಲು ಮುಗಿಸಿಬಿಡೋಣ. ಪೊರೊಕೊಯಿರಾದ ಕೂದಲು ಗಿಡ್ಡವಿರಬಹುದು, ಆದರೆ ಅದರಡಿಯಲ್ಲೂ ಹತ್ತಿಯಂತೆ ಒತ್ತಾದ ಒಳಪದರವಿದೆ. ರೋಮ ಬದಲಾಯಿಸುವ ಕಾಲದಲ್ಲಿ ಎರಡೂ ನಾಯಿಗಳು ಕಂತೆಗಟ್ಟಲೆ ಉದುರಿಸುತ್ತವೆ. ವ್ಯತ್ಯಾಸವಿಷ್ಟೇ: ಉದ್ದ ಕೂದಲು ಸೋಫಾದ ಮೇಲೆ ಕಾಣುತ್ತದೆ, ಗಿಡ್ಡ ಕೂದಲು ಸೋಫಾದೊಳಗೆ ಚುಚ್ಚಿಕೊಳ್ಳುತ್ತದೆ. ಕಸ ಗುಡಿಸುವ ಕಷ್ಟವನ್ನು ತೂಗಿ ನಾಯಿ ಆರಿಸಬೇಡಿ.

ಹಾಗೆಂದು ಕೂದಲಿನ ಮಾತು ತೀರಾ ಕ್ಷುಲ್ಲಕವೂ ಅಲ್ಲ. ಎರಡೂ ಉತ್ತರದ ಸಾಮಿ ಜನರು ಹಿಮಸಾರಂಗ ಕಾಯಲು ಬಳಸುತ್ತಿದ್ದ ನಾಯಿಗಳ ಸಂತತಿ. ಫಿನ್ಲೆಂಡಿನ ಕೆನಲ್ ಕ್ಲಬ್ 1945ರಲ್ಲಿ ಬರೆದ ತಳಿ ಲಕ್ಷಣದಲ್ಲಿ ಈ ಭೇದವಿರಲಿಲ್ಲ. ಉದ್ದ ಕೂದಲಿನವು ಒಂದು ತಳಿ, ಗಿಡ್ಡ ಕೂದಲಿನವು ಇನ್ನೊಂದು ಎಂದು ತೀರ್ಮಾನವಾದದ್ದು 1966ರ ಡಿಸೆಂಬರ್‌ನಲ್ಲಿ. ಫಿನ್ನಿಷ್ ಭಾಷೆಯಲ್ಲಿ ಪೊರೊ ಎಂದರೆ ಹಿಮಸಾರಂಗ, ಕೊಯಿರಾ ಎಂದರೆ ನಾಯಿ. ಅಂದರೆ ಒಂದರ ಹೆಸರಿನಲ್ಲೇ ಅದರ ಉದ್ಯೋಗ ಉಳಿದುಕೊಂಡಿದೆ. 1960ರ ದಶಕದಲ್ಲಿ ಹಿಮ ಸ್ಕೂಟರ್‌ಗಳು ಬಂದು ನಾಯಿಗಳ ಕೆಲಸವನ್ನು ಬಹುಮಟ್ಟಿಗೆ ಕಸಿದುಕೊಂಡವು. ಪೆಟ್ರೋಲಿನ ಬೆಲೆ ಏರಿದ ಮೇಲೆ ನಾಯಿಯೇ ವಾಸಿ ಎಂದು ಹಲವರು ಮರಳಿದರು. ಅಷ್ಟರಲ್ಲಿ ಲ್ಯಾಪ್‌ಹಂಡ್ ಪೇಟೆಯ ಮನೆಗಳಿಗೆ ಒಗ್ಗಿಕೊಂಡಿತ್ತು. ಫಿನ್ಲೆಂಡಿನ ಹೊರಗೆ ಅಪರೂಪವಾದ ಈ ನಾಯಿ ಇಂದು ನಿಮ್ಮ ಔಲುವಿನ ಬೀದಿಯಲ್ಲಿ ಮಾಮೂಲಿ. ಪೊರೊಕೊಯಿರಾ ಹಾಗಲ್ಲ, ಅದನ್ನು ಈಗಲೂ ದುಡಿಮೆಯ ನಾಯಿಯಾಗಿಯೇ ಬೆಳೆಸುವವರು ಹೆಚ್ಚು.

ನೀವು ಯೋಚಿಸಬೇಕಾದದ್ದು ಇಲ್ಲಿ. ಪೊರೊಕೊಯಿರಾ ಗಂಡಿನ ಎತ್ತರ ಸುಮಾರು 51 ಸೆಂಟಿಮೀಟರ್, ಲ್ಯಾಪ್‌ಹಂಡ್ ಗಂಡಿನದು 49. ನೋಡಲು ದೊಡ್ಡ ಅಂತರವೇನಲ್ಲ. ಆದರೆ ಪೊರೊಕೊಯಿರಾದ ಮೈ ಎತ್ತರಕ್ಕಿಂತ ಉದ್ದ, ಹಿಮದಲ್ಲಿ ದಿನವಿಡೀ ಓಡಲೆಂದೇ ಎರಕ ಹೊಯ್ದಂತಿದೆ. ಜೊತೆಗೆ, ಅದು ಬೊಗಳುತ್ತಲೇ ದುಡಿಯುತ್ತದೆ. ಚದುರಿದ ಹಿಂಡನ್ನು ಒಟ್ಟುಗೂಡಿಸಲು ಬಯಲಿನಲ್ಲಿ ಆ ದನಿ ಬೇಕು. ಸಾಲುಮನೆಯಲ್ಲಿ ಗೋಡೆಯಾಚೆಗಿನವರಿಗೆ ಬೇಡ. ಕೆಲಸವಿಲ್ಲದ ಬಡಗಿ ಏನನ್ನು ಕೆತ್ತಿದನೆಂದು ನಿಮಗೆ ಗೊತ್ತೇ ಇದೆ. ಕೆಲಸವಿಲ್ಲದ ಪೊರೊಕೊಯಿರಾ ಬಾಗಿಲು ಕೆತ್ತುತ್ತದೆ, ಸೈಕಲ್ ಹೊಡೆಯುವ ಮಕ್ಕಳನ್ನು ಸುತ್ತುಗಟ್ಟಿ ಹಿಂಡು ಮಾಡುತ್ತದೆ. ನಿಮ್ಮಲ್ಲೊಬ್ಬರು ದಿನಕ್ಕೆ ಎರಡು ಗಂಟೆ ಸ್ಕೀಯಿಂಗ್ ಅಥವಾ ಓಟಕ್ಕೆ ಅದನ್ನು ಕರೆದೊಯ್ಯುವವರಾದರೆ ಮಾತು ಬೇರೆ. ಡಿಸೆಂಬರ್‌ನಲ್ಲಿ ಔಲುವಿನ ಹಗಲು ಮೂರೂವರೆ ಗಂಟೆಯದು. ಆ ಎರಡು ಗಂಟೆ ಬಹುಶಃ ಕತ್ತಲಲ್ಲೇ ಸಿಗುತ್ತದೆ. ಕಚೇರಿಯಿಂದ ಬಂದು, ಮೈನಸ್ 20 ಡಿಗ್ರಿಯಲ್ಲಿ, ವಾರಕ್ಕೆ ಏಳು ದಿನ. ಕೈ ಎದೆಯ ಮೇಲಿಟ್ಟುಕೊಂಡು ಉತ್ತರಿಸಿ.

ಲ್ಯಾಪ್‌ಹಂಡ್ ಕೂಡ ಬೊಗಳದ ನಾಯಿಯಲ್ಲ, ಆದರೆ ಮನೆಯ ಲಯಕ್ಕೆ ಬೇಗ ಹೊಂದಿಕೊಳ್ಳುತ್ತದೆ, ಮಕ್ಕಳೊಡನೆ ಸಾಮಾನ್ಯವಾಗಿ ಮೃದು. ಅದರದೊಂದು ವಿಚಿತ್ರ ಸ್ವಭಾವವಿದೆ: ಏನಾದರೂ ದಡಕ್ಕನೆ ಬಿದ್ದರೆ ಹಾರಿ ಪಕ್ಕಕ್ಕೆ ಸರಿದು, ಮರುಕ್ಷಣವೇ ಏನೂ ಆಗದಂತೆ ಮರಳುತ್ತದೆ. ಸಾರಂಗದ ಕೊಂಬಿನಿಂದ ತಪ್ಪಿಸಿಕೊಳ್ಳಲು ಕಲಿತ ಚುರುಕು ಅದು. ಪುಕ್ಕಲು ಎಂದು ಬಯ್ಯಬೇಡಿ. ತೊಂದರೆಯೆಂದರೆ ಹಸಿ ಹಿಮ. ಹೊಟ್ಟೆಯಡಿ, ಕಾಲ್ಬೆರಳ ನಡುವೆ ಅದು ಗುಂಡುಗುಂಡಾಗಿ ಕಚ್ಚಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ಎಳೆದು ಕೀಳಬೇಡಿ.

ನೀವು ವಿವರಿಸಿದ ಮನೆಗೆ ಲ್ಯಾಪ್‌ಹಂಡ್ ಸರಿ. ತಂದೆ ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಮತ್ತು ಕಣ್ಣಿನ ವರದಿ ಕೇಳಿ. ಈ ತಳಿಯಲ್ಲಿ ದೃಷ್ಟಿ ಕುಂದಿಸುವ ಆನುವಂಶಿಕ ಕಾಯಿಲೆಯೂ ಪೋಂಪೆ ಎಂಬ ಸ್ನಾಯು ರೋಗವೂ ಉಂಟು. ಎರಡಕ್ಕೂ ಡಿಎನ್‌ಎ ಪರೀಕ್ಷೆ ಇದೆ. ಕೆನಲ್ ಕ್ಲಬ್ಬಿನ ಜಾಲತಾಣದಲ್ಲಿ ತಳಿ ದಾಖಲೆಗಳು ಎಲ್ಲರಿಗೂ ತೆರೆದಿವೆ. ಅದನ್ನು ನೋಡದೆ ಮುಂಗಡ ಕೊಡಬೇಡಿ.

ಆದರೆ ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ತಡೆಯುತ್ತಿದೆ. ಈ ನಾಯಿ ಹನ್ನೆರಡು ಹದಿಮೂರು ವರ್ಷ ಬಾಳುತ್ತದೆ, ನೀವು ನಾಲ್ಕು ವರ್ಷದಲ್ಲಿ ಹೊರಡುವವರು. ಕ್ವಾರಂಟೈನ್ ಕಚೇರಿಯ ನಿರಾಕ್ಷೇಪಣಾ ಪತ್ರ, ವಿಮಾನದ ಪಂಜರ ಎಲ್ಲವನ್ನೂ ಹೊಂದಿಸಬಹುದು. ಮೈಸೂರಿನ ಏಪ್ರಿಲ್ ತಿಂಗಳನ್ನು ಹೊಂದಿಸಲಾಗದು. ಬೆಂಗಳೂರಿನ ನನ್ನ ಚಿಕಿತ್ಸಾಲಯಕ್ಕೆ ಬರುವ ಹಸ್ಕಿಗಳು ಬೇಸಿಗೆಯಲ್ಲಿ ಮೊಸಾಯಿಕ್ ನೆಲಕ್ಕೆ ಹೊಟ್ಟೆ ಒತ್ತಿ ಏದುಸಿರು ಬಿಡುವುದನ್ನು ವರ್ಷವೂ ನೋಡುತ್ತೇನೆ. ಕೂದಲು ಬೋಳಿಸಿದರೆ ತಂಪಾಗುತ್ತದೆ ಎನ್ನುವವರಿದ್ದಾರೆ. ಬಿಸಿಲು ನೇರ ಚರ್ಮಕ್ಕೆ ತಾಗಿ ಇನ್ನೊಂದು ಸಂಕಟವಾಗುತ್ತದೆ. ಆದ್ದರಿಂದ ಮರಳುವುದು ಖಚಿತವಾದರೆ ಮರಿ ತರಬೇಡಿ. ಹೊಸ ಮನೆ ಹುಡುಕುತ್ತಿರುವ ಎಂಟು ಒಂಬತ್ತು ವರ್ಷದ ಲ್ಯಾಪ್‌ಹಂಡ್ ಇದೆಯೇ ಎಂದು ತಳಿ ಸಂಘದಲ್ಲಿ ವಿಚಾರಿಸಿ. ಖಚಿತವಲ್ಲದಿದ್ದರೆ, ನೀವು ಹೊರಟಾಗ ನಾಯಿಯನ್ನು ಯಾರು ತೆಗೆದುಕೊಳ್ಳಬೇಕೆಂಬುದನ್ನು ಮರಿ ಕೊಡುವವರೊಡನೆ ಈಗಲೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಿ.

ನಾಯಿ ಮನೆಗೆ ಬಂದರೆ ಇನ್ನೆರಡು ಮಾತು. ಮಾರ್ಚ್ 1ರಿಂದ ಆಗಸ್ಟ್ 19ರವರೆಗೆ ಅಲ್ಲಿನ ಕಾಡಿನಲ್ಲಿ ನಾಯಿಯನ್ನು ಹಗ್ಗ ಬಿಚ್ಚಿ ಬಿಡುವಂತಿಲ್ಲ. ಔಲುವಿನಿಂದ ಉತ್ತರಕ್ಕೆ ಸುತ್ತಾಡಲು ಹೋದಾಗಲಂತೂ ವರ್ಷವಿಡೀ ಎಚ್ಚರ. ಅಲ್ಲಿ ಕಾಣುವ ಸಾರಂಗಗಳು ಯಾರದೋ ಸೊತ್ತು, ನಿಮ್ಮ ನಾಯಿಗೆ ಪೂರ್ವಜರ ಕೆಲಸ ನೆನಪಾದರೆ ಕಷ್ಟ. ಒಗ್ಗರಣೆಯ ಈರುಳ್ಳಿ, ಪಾಯಸದ ಒಣದ್ರಾಕ್ಷಿ ನಾಯಿಗೆ ವಿಷವೆಂಬುದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿರಬಹುದಾದದ್ದು ಚೂಯಿಂಗ್ ಗಮ್‌ಗೆ ಸಕ್ಕರೆಯ ಬದಲು ಬೆರೆಸುವ ಕ್ಸೈಲಿಟಾಲ್ ಎಂಬ ಸಿಹಿ. ಹಲ್ಲಿಗೆ ಒಳ್ಳೆಯದೆಂದು ಊಟದ ನಂತರ ಫಿನ್ಲೆಂಡಿನ ಮಕ್ಕಳು ಜಗಿಯುವ ಆ ಗಮ್ ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸಿ ಪ್ರಾಣ ತೆಗೆಯಬಲ್ಲದು. ಮಕ್ಕಳ ಶಾಲೆಯ ಚೀಲವನ್ನು ನೆಲದ ಮೇಲಿಡದೆ ಗೂಟಕ್ಕೆ ತೂಗುಹಾಕುವ ಅಭ್ಯಾಸವನ್ನು ಈ ವಾರದಿಂದಲೇ ಶುರುಮಾಡಿಸಿ.