ಚೆಂಡು ಒದೆಯುವವರ ಸಂಬಂಧ

ಓದುಗರ ಪತ್ರ: ವಿಶ್ವ ಫುಟ್‌ಬಾಲ್ ಒಕ್ಕೂಟವಾದ ಫಿಫಾದ 'ದೇಶಕ್ಕೊಂದು ಮತ' ಪದ್ಧತಿಯ ಬಗ್ಗೆ ನಾವು ಬರೆದದ್ದನ್ನು ಓದಿ ಶಿವಮೊಗ್ಗ ಜಿಲ್ಲೆಯ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಕಳಿಸಿದ್ದಾರೆ. ಅದರ ತಿರುಳು ಇಷ್ಟು: "ಐಸ್‌ಲ್ಯಾಂಡಿನ ಜನರನ್ನೆಲ್ಲ ಸೇರಿಸಿದರೂ ನಮ್ಮ ಜಿಲ್ಲೆಯ ಕಾಲು ಭಾಗ ಆಗುವುದಿಲ್ಲ. ಅದಕ್ಕೂ ಬ್ರೆಜಿಲ್‌ಗೂ ಒಂದೊಂದೇ ಮತ ಅಂದರೆ ಏನು ನ್ಯಾಯ? ಇಂಥ ಪುಟ್ಟ ದ್ವೀಪಗಳ ಫುಟ್‌ಬಾಲ್ ಸಂಸ್ಥೆಗಳೆಲ್ಲ ಮತ ಮಾರುವ ಅಂಗಡಿಗಳು. 2016ರ ಯುರೋ ಕಪ್‌ನಲ್ಲಿ ಐಸ್‌ಲ್ಯಾಂಡಿನವರು ಇಂಗ್ಲೆಂಡನ್ನು ಸೋಲಿಸಿದ್ದು ವೈಕಿಂಗ್ ರಕ್ತದ ಗುಣವೇ ಹೊರತು ಸಂಸ್ಥೆಯ ಗುಣವಲ್ಲ. ಚಿಕ್ಕ ದೇಶ, ರಾಜಕೀಯವಿಲ್ಲ, ಪುಣ್ಯವಂತರು. ಕೊನೆಗೊಂದು ಅನುಮಾನ: ಅಪ್ಪ ಹೊರಗೆ ಬಂದು ಮಗ ಮೈದಾನಕ್ಕಿಳಿದ ದೇಶ ಅದೇ ಅಲ್ಲವೆ?"

ಸಂಪಾದಕರ ಉತ್ತರ:

ಪ್ರಿಯ ಮೇಷ್ಟ್ರೇ, ನಿಮ್ಮ ಕೊನೆಯ ಅನುಮಾನಕ್ಕೆ ಕೊನೆಯಲ್ಲೇ ಬರುತ್ತೇನೆ. ಮೊದಲು ಅಂಗಡಿಯ ಮಾತು.

ನೀವು ಹೇಳಿದ್ದರಲ್ಲಿ ನಿಜವಿಲ್ಲವೆಂದು ನಾನು ವಾದಿಸುವುದಿಲ್ಲ. 2011ರ ಮೇ ತಿಂಗಳಲ್ಲಿ, ಫಿಫಾ ಅಧ್ಯಕ್ಷರ ಚುನಾವಣೆಗೆ ಮುನ್ನ, ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕೆರಿಬಿಯನ್ ದ್ವೀಪಗಳ ಪದಾಧಿಕಾರಿಗಳನ್ನು ಹೋಟೆಲಿಗೆ ಕರೆಸಿ, ತಲಾ 40,000 ಡಾಲರ್ ತುಂಬಿದ ಲಕೋಟೆಗಳನ್ನು ಕೊಡಲಾಯಿತು. ಆದರೆ ಆ ಲಕೋಟೆಯ ಫೋಟೊ ತೆಗೆದು, ಹಣ ವಾಪಸು ಕೊಟ್ಟು, ವಿಷಯ ಹೊರಗೆ ಹಾಕಿದ್ದು ಯಾರು? ಬಹಾಮಾಸ್ ಸಂಸ್ಥೆಯ ಪದಾಧಿಕಾರಿ. ಅದೂ ದ್ವೀಪವೇ, ಜನಸಂಖ್ಯೆಯೂ ಐಸ್‌ಲ್ಯಾಂಡಿನಷ್ಟೇ. ಹಾಗಾಗಿ ದೇಶದ ಅಳತೆ ಹಿಡಿದು ಪ್ರಾಮಾಣಿಕತೆ ತೂಗುವುದು ಬೇಡ.

ಇನ್ನು ಐಸ್‌ಲ್ಯಾಂಡ್. ಅಲ್ಲಿಯ ಫುಟ್‌ಬಾಲ್ ಸಂಸ್ಥೆಯನ್ನು ಕೆಎಸ್‌ಐ ಎನ್ನುತ್ತಾರೆ. 1947ರಲ್ಲಿ ಹುಟ್ಟಿದ್ದು, ನಮ್ಮ ಸ್ವಾತಂತ್ರ್ಯದ ವರ್ಷ. ಪೂರ್ತಿ ಹೆಸರು ಉಚ್ಚರಿಸಲು ಹೋದರೆ ನಾಲಿಗೆ ಉಳುಕೀತು: ಕ್ನಾಟ್‌ಸ್ಪಿರ್ನುಸಾಂಬಾಂದ್. ಮೊದಲ ಭಾಗವೆಂದರೆ ಚೆಂಡು ಒದೆಯುವ ಆಟ. ಕೊನೆಯ 'ಸಾಂಬಾಂದ್' ಇದೆಯಲ್ಲ, ಅದು ನಮ್ಮ 'ಸಂಬಂಧ'ದ ದೂರದ ದಾಯಾದಿ. ಭಾಷೆಗಳ ಮೂಲಕ್ಕೆ ಹೋದರೆ ಎರಡಕ್ಕೂ ಬೇರು ಒಂದೇ. ಸಂಸ್ಥೆಗೆ ಸಂಬಂಧ ಎಂಬ ಹೆಸರಿಟ್ಟವರು ಅವರು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಉತ್ತರ ಯುರೋಪಿನ ಹಳೆಯ ಕಡಲವೀರರಾದ ವೈಕಿಂಗರ ರಕ್ತದ ವಾದವನ್ನು ಮಾತ್ರ ನಾನು ಒಪ್ಪಲಾರೆ. 1967ರಲ್ಲಿ ಡೆನ್ಮಾರ್ಕ್ ಅವರನ್ನು 14–2ರಿಂದ ಸೋಲಿಸಿತು. ರಕ್ತ ಆಗಲೂ ಅದೇ ಇತ್ತು, ಎದುರು ತಂಡದಲ್ಲೂ ಅದೇ ಇತ್ತು! ಅವರ ಅಭಿಮಾನಿಗಳು ಎರಡು ಕೈ ಮೇಲೆತ್ತಿ 'ಹೂ' ಎಂದು ತಟ್ಟುವ ಚಪ್ಪಾಳೆಯೂ ಪುರಾತನವೇನಲ್ಲ. 2014ರಲ್ಲಿ ಸ್ಕಾಟ್ಲೆಂಡಿನ ಮದರ್‌ವೆಲ್ ಕ್ಲಬ್‌ನ ಅಭಿಮಾನಿಗಳನ್ನು ನೋಡಿ ಐಸ್‌ಲ್ಯಾಂಡಿನ ಒಂದು ಕ್ಲಬ್‌ನವರು ಕಲಿತದ್ದು ಎನ್ನುತ್ತಾರೆ. 2012ರಲ್ಲಂತೂ ಫಿಫಾ ಪಟ್ಟಿಯಲ್ಲಿ ಅವರ ಸ್ಥಾನ 131.

ಆರು ವರ್ಷ ಕಳೆಯುವಷ್ಟರಲ್ಲಿ 18. ನಡುವೆ ಏನಾಯಿತು ಎಂಬುದಕ್ಕೆ ಉತ್ತರ ಮೈದಾನದಲ್ಲಿಲ್ಲ, ಚಾವಣಿಯ ಕೆಳಗಿದೆ. ಅಲ್ಲಿ ಚಳಿಗಾಲದ ಹಗಲು ನಾಲ್ಕೈದು ಗಂಟೆ. ಹುಲ್ಲು ವರ್ಷದಲ್ಲಿ ಕೆಲವೇ ತಿಂಗಳು ಆಟಕ್ಕೆ ಸಿಗುತ್ತದೆ. ಉಳಿದಂತೆ ಹಿಂದಿನವರು ಜಲ್ಲಿಯ ಮೈದಾನದಲ್ಲಿ ಮೊಣಕಾಲು ತರಚಿಕೊಂಡೇ ಆಡಿದವರು. 2000ದಲ್ಲಿ ಕೆಫ್ಲಾವಿಕ್‌ನಲ್ಲಿ ಪೂರ್ಣ ಮೈದಾನವನ್ನೇ ಒಳಗಿಟ್ಟ ಭವನ ಎದ್ದಿತು, ಆಮೇಲೆ ಒಂದೊಂದಾಗಿ ಬೇರೆ ಊರುಗಳಲ್ಲಿ. ಭವನಗಳನ್ನು ಕಟ್ಟಿಸಿದ್ದು ಕೆಎಸ್‌ಐ ಅಲ್ಲ, ಅಲ್ಲಿಯ ಪುರಸಭೆಗಳು. ಕೆಎಸ್‌ಐ ತನಗೆ ಯುರೋಪಿನ ಫುಟ್‌ಬಾಲ್ ಒಕ್ಕೂಟದಿಂದ ಬಂದ ಹಣದಲ್ಲಿ ಶಾಲೆಗಳ ಪಕ್ಕ ನೂರಕ್ಕೂ ಹೆಚ್ಚು ಪುಟ್ಟ ಕೃತಕ ಹುಲ್ಲಿನ ಅಂಗಳಗಳಿಗೆ ನೆರವಾಯಿತು.

ನೀವು ಮೂವತ್ತು ವರ್ಷ ಸೀಟಿ ಊದಿದವರು, ಆದ್ದರಿಂದ ನಿಮಗೆ ಹೇಳಲೇಬೇಕಾದ ಸಂಗತಿ ಇನ್ನೊಂದು. ಭವನಕ್ಕಿಂತ ಅದೇ ದೊಡ್ಡದು ಎಂದು ನನ್ನ ಅನಿಸಿಕೆ. ಬೇರೆ ಕಡೆ ಆರು ವರ್ಷದ ಮಕ್ಕಳಿಗೆ ಆಟ ಹೇಳಿಕೊಡುವುದು ಯಾರೋ ಒಬ್ಬರ ಅಪ್ಪ, ಭಾನುವಾರ ಬಿಡುವಿದ್ದರೆ. ಐಸ್‌ಲ್ಯಾಂಡಿನಲ್ಲಿ ಆ ಮಕ್ಕಳ ಪಕ್ಕ ನಿಲ್ಲುವವರು ತರಬೇತಿ ಪಡೆದು, ಪರವಾನಗಿ ಪಡೆದು, ಸಂಬಳವನ್ನೂ ಪಡೆಯುವ ಕೋಚ್. ಯುರೋಪಿನ 'ಬಿ' ದರ್ಜೆಯ ಪರವಾನಗಿಯ ಪಾಠಗಳನ್ನು ಕೆಎಸ್‌ಐ ತನ್ನಲ್ಲೇ ನಡೆಸಿ, ಪಾಸಾದವರು ನೂರಾರು ಜನ ಆಗುವಂತೆ ನೋಡಿಕೊಂಡಿತು. ಅವರಲ್ಲಿ ಹಲವರಿಗೆ ಹಗಲು ಬೇರೆ ಕೆಲಸ. ಹೈಮಿರ್ ಹಾಲ್‌ಗ್ರಿಮ್ಸನ್‌ರನ್ನೇ ನೋಡಿ: ದ್ವೀಪದ ಪಕ್ಕದ ಇನ್ನೂ ಪುಟ್ಟ ದ್ವೀಪದಲ್ಲಿ ಹಲ್ಲಿನ ವೈದ್ಯರಾಗಿದ್ದವರು. ಸ್ವೀಡನ್ನಿನ ಲಾರ್ಸ್ ಲಾಗರ್‌ಬ್ಯಾಕ್‌ರನ್ನು ಕೆಎಸ್‌ಐ 2011ರಲ್ಲಿ ರಾಷ್ಟ್ರೀಯ ತಂಡದ ಕೋಚ್ ಆಗಿ ಕರೆತಂದಾಗ ಇವರು ಸಹಾಯಕರಾಗಿ ಸೇರಿದರು, 2016ರ ಯುರೋ ಕಪ್‌ನಲ್ಲಿ ಜೊತೆ ಕೋಚ್, 2018ರ ವಿಶ್ವಕಪ್‌ನಲ್ಲಿ ಮುಖ್ಯ ಕೋಚ್. ಮಾಸ್ಕೋದಲ್ಲಿ ಅರ್ಜೆಂಟೀನಾ ಜೊತೆ 1–1. ಮೆಸ್ಸಿಯ ಪೆನಾಲ್ಟಿ ತಡೆದ ಗೋಲ್‌ಕೀಪರ್‌ನ ವೃತ್ತಿ ಸಿನಿಮಾ, ಜಾಹೀರಾತು ನಿರ್ದೇಶನ.

ಹೈಮಿರ್ ತವರಿನ ಪಂದ್ಯಗಳಿಗೆ ಮೊದಲು ರಾಜಧಾನಿ ರೇಕ್ಯಾವಿಕ್‌ನ ಒಂದು ಪಬ್‌ಗೆ ಹೋಗಿ, ಅಲ್ಲಿ ಸೇರಿದ ಅಭಿಮಾನಿಗಳಿಗೆ ಅಂದಿನ ಹನ್ನೊಂದು ಮಂದಿಯ ಹೆಸರನ್ನು ಪತ್ರಕರ್ತರಿಗಿಂತ ಮುಂಚೆ ಹೇಳುತ್ತಿದ್ದರು. ಒಬ್ಬರೂ ಫೋನು ತೆಗೆಯುತ್ತಿರಲಿಲ್ಲ. ಸುದ್ದಿ ಆ ಕೋಣೆ ದಾಟುತ್ತಿರಲಿಲ್ಲ.

ಹೀಗೆ ಬಾಯಿ ಬಿಗಿಹಿಡಿಯುವ ಗುಣಕ್ಕೆ ಇನ್ನೊಂದು ಮುಖವೂ ಇದೆ. ನಿಮ್ಮ 'ರಾಜಕೀಯವಿಲ್ಲ' ಎಂಬ ಮಾತಿಗೆ ಈಗ ಬರುತ್ತೇನೆ. ಚಿಕ್ಕ ಊರಿನಲ್ಲಿ ಎಲ್ಲರೂ ಬೀಗರೇ. ಆಲ್ಬರ್ಟ್ ಗುಡ್‌ಮುಂಡ್ಸನ್ ಐಸ್‌ಲ್ಯಾಂಡಿನ ಮೊದಲ ವೃತ್ತಿಪರ ಆಟಗಾರ, ಮುಂದೆ ಕೆಎಸ್‌ಐ ಅಧ್ಯಕ್ಷ, ಆಮೇಲೆ ದೇಶದ ಹಣಕಾಸು ಮಂತ್ರಿ. ಅದೇ ಹೆಸರಿನ ಮರಿಮಗ ಇವತ್ತು ರಾಷ್ಟ್ರೀಯ ತಂಡದಲ್ಲಿ. ಆ ಮರಿಮಗನ ಅಪ್ಪ ಯಾರು ಗೊತ್ತೆ? 2016ರಲ್ಲಿ ಆಸ್ಟ್ರಿಯಾ ವಿರುದ್ಧದ ಕೊನೆ ಕ್ಷಣದ ಗೋಲಿಗೆ ಗಂಟಲು ಹರಿಯುವಂತೆ ಕಿರುಚಿ ಜಗತ್ತಿಗೆಲ್ಲ ಪರಿಚಿತನಾದ ವೀಕ್ಷಕ ವಿವರಣೆಗಾರ. ಆಟಗಾರ, ಅಧ್ಯಕ್ಷ, ಮಂತ್ರಿ, ಮೈಕು ಹಿಡಿದವನು, ಎಲ್ಲ ಒಂದೇ ವಂಶವೃಕ್ಷ. ಕೇಳಲು ಚೆಂದ. ಆದರೆ ಇಂಥ ಕಡೆ ದೂರು ಕೊಡಬೇಕಾದವರ ಪಾಡು?

2021ರ ಆಗಸ್ಟ್ ಕೊನೆಯ ವಾರದಲ್ಲಿ ಅದು ಗೊತ್ತಾಯಿತು. ರಾಷ್ಟ್ರೀಯ ತಂಡದ ಆಟಗಾರರ ಮೇಲೆ ಲೈಂಗಿಕ ದೌರ್ಜನ್ಯದ ದೂರು ಯಾವುದೂ ತಮಗೆ ಬಂದಿಲ್ಲವೆಂದು ಆಗಿನ ಅಧ್ಯಕ್ಷರು ಟಿವಿಯಲ್ಲಿ ಹೇಳಿದರು. ಮರುದಿನವೇ ಒಬ್ಬ ಯುವತಿ ಅದೇ ಟಿವಿಯಲ್ಲಿ ಕಾಣಿಸಿಕೊಂಡು, 2017ರಲ್ಲಿ ತಮ್ಮ ಮೇಲೆ ಆದದ್ದನ್ನು ಹೇಳಿದರು. ಅದು ಕೆಎಸ್‌ಐಗೆ ತಿಳಿದಿತ್ತು ಎಂಬುದನ್ನೂ ಹೇಳಿದರು. ಎರಡು ದಿನದಲ್ಲಿ ಅಧ್ಯಕ್ಷರು ಕುರ್ಚಿ ಬಿಟ್ಟರು, ಅವರ ಬೆನ್ನಿಗೇ ಇಡೀ ಆಡಳಿತ ಮಂಡಳಿ. ಅದೇ ಸಂಸ್ಥೆ 2018ರಲ್ಲಿ ಮಹಿಳಾ ತಂಡಕ್ಕೂ ಪುರುಷರಷ್ಟೇ ಬೋನಸ್ ಎಂದು ನಿರ್ಧರಿಸಿ ಹೊಗಳಿಸಿಕೊಂಡಿತ್ತು, ಮೇಷ್ಟ್ರೇ. ಲೆಕ್ಕದ ಪುಸ್ತಕದಲ್ಲಿ ಸಮಾನತೆ ಬಂದಿತ್ತು. ಅಂಚೆಪೆಟ್ಟಿಗೆ ತೆಗೆದು ನೋಡುವವರು ಮಾತ್ರ ಇರಲಿಲ್ಲ. ಆ ಅಕ್ಟೋಬರಿನಲ್ಲಿ ವಿಶೇಷ ಸಭೆ ಸೇರಿ ವಂಡಾ ಸಿಗುರ್‌ಗೈರ್ಸ್‌ಡೋಟಿರ್‌ರನ್ನು ಆರಿಸಿದರು. ಮಹಿಳಾ ತಂಡದ ಮಾಜಿ ನಾಯಕಿ, ಮಾಜಿ ಕೋಚ್. ಶಾಲೆಗಳಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವ ವಿಷಯದಲ್ಲಿ ಕೆಲಸ ಮಾಡಿದ ವಿಶ್ವವಿದ್ಯಾಲಯದ ಉಪನ್ಯಾಸಕಿ. ಕೆಎಸ್‌ಐಗೆ ಮೊದಲ ಮಹಿಳಾ ಅಧ್ಯಕ್ಷೆ. 2024ರವರೆಗೆ ಇದ್ದರು.

ಹಾಗಾಗಿ ಪುಣ್ಯವಂತರು ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಪಬ್‌ನಲ್ಲಿ ತಂಡದ ಗುಟ್ಟು ಕಾಯ್ದ ಅದೇ ಒಳಗಿನ 'ಸಂಬಂಧ' ಕಚೇರಿಯಲ್ಲಿ ಬೇರೆ ಗುಟ್ಟುಗಳನ್ನೂ ಕಾಯ್ದಿತ್ತು.

ಈಗ ನಿಮ್ಮ ಅನುಮಾನ. ಹೌದು, ಅದೇ ದೇಶ. 1996ರ ಏಪ್ರಿಲ್, ಎಸ್ಟೋನಿಯಾದ ಟಾಲಿನ್. 34 ವರ್ಷದ ಆರ್ನೋರ್ ಗುಡ್ಯೋನ್‌ಸೆನ್ ಹೊರಬಂದರು, 17ರ ಮಗ ಐಡರ್ ಒಳಹೋದ. ಗಡಿಗೆರೆಯಲ್ಲಿ ಅಪ್ಪ–ಮಗ ಅಪ್ಪಿಕೊಂಡರು. ಇಬ್ಬರನ್ನೂ ಒಟ್ಟಿಗೇ ಏಕೆ ಆಡಿಸಲಿಲ್ಲ ಎಂದು ನೀವು ಕೇಳುತ್ತೀರಿ. ಕೆಎಸ್‌ಐ ಅಧ್ಯಕ್ಷರಾಗಿದ್ದ ಎಗರ್ಟ್ ಮಾಗ್ನುಸನ್‌ರಿಗೆ ಆ ದೃಶ್ಯ ತವರಿನಲ್ಲೇ, ತಮ್ಮ ಜನರ ಮುಂದೆಯೇ ಆಗಬೇಕೆಂಬ ಆಸೆ ಇತ್ತಂತೆ. ಮುಂದಿನ ಪಂದ್ಯ ರೇಕ್ಯಾವಿಕ್‌ನಲ್ಲಿತ್ತು. ಅದಕ್ಕೆ ಮುಂಚೆ ಕಿರಿಯರ ಪಂದ್ಯವೊಂದರಲ್ಲಿ ಐಡರ್‌ನ ಪಾದದ ಕೀಲು ಮುರಿಯಿತು. ಅವನು ಮತ್ತೆ ದೇಶದ ಅಂಗಿ ತೊಡುವ ಹೊತ್ತಿಗೆ ಅಪ್ಪ ಅದನ್ನು ಮಡಚಿಟ್ಟಾಗಿತ್ತು.