ಖಂಭಾತ್ ಕಡಲಿನ ಗಾಳಿಯಂತ್ರ: ಇಷ್ಟು ತಡವೇಕೆ, ಬಲೆ ಹಾಕುವವರ ಗತಿಯೇನು?

ಪ್ರಶ್ನೆ: ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ, ಪಿಪಾವಾವ್ ಬಂದರಿನ ಎದುರಿನ ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವ ಮಾತು 2018ರಿಂದಲೂ ನಡೆದಿದೆ. ಚಿತ್ರದುರ್ಗದ ಗುಡ್ಡಗಳಲ್ಲಿ ಸಾಲುಸಾಲಾಗಿ ಯಂತ್ರ ಎದ್ದಿವೆ, ಕಡಲಲ್ಲಿ ಒಂದೂ ಇಲ್ಲ. ಅಂಥ ಕಷ್ಟವೇನು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಯಂತ್ರ ನಿಲ್ಲಿಸುವುದು ಕಟ್ಟಕಡೆಯ ಕೆಲಸ. ಅದಕ್ಕೂ ಮೊದಲು ಗಾಳಿಯನ್ನೂ ಕಡಲತಳವನ್ನೂ ಅಳೆಯಬೇಕು. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ 2017ರ ನವೆಂಬರ್‌ನಲ್ಲಿ ಪಿಪಾವಾವ್ ಬಂದರಿನಿಂದ ಸುಮಾರು 23 ಕಿ.ಮೀ. ದೂರದಲ್ಲಿ, ನೀರಿನಲ್ಲಿ ಕಂಬ ನೆಟ್ಟು ಅದರ ಮೇಲೆ ಲೈಡಾರ್ ಇಟ್ಟಿತು. ಮೇಲಕ್ಕೆ ಬಿಟ್ಟ ಲೇಸರ್ ಬೆಳಕು ಗಾಳಿಯಲ್ಲಿ ತೇಲುವ ಕಣಗಳಿಗೆ ತಾಗಿ ವಾಪಸಾಗುತ್ತದೆ. ಅದರಿಂದ ಬೇರೆಬೇರೆ ಎತ್ತರದ ಗಾಳಿಯ ವೇಗ ತಿಳಿಯುತ್ತದೆ. ಕನಿಷ್ಠ ಒಂದು ಪೂರ್ತಿ ವರ್ಷದ ಅಳತೆ ಬೇಕು, ಎರಡಾದರೆ ಒಳ್ಳೆಯದು. ಬರೀ ಮುಂಗಾರಿನ ಲೆಕ್ಕ ನಂಬಿದರೆ ದೀಪಾವಳಿ ಹೊತ್ತಿಗೆ ಗಾಳಿ ಬೀಳುವುದು ಕಾಣುವುದೇ ಇಲ್ಲ.

ಗುಜರಾತಿನ ಈ ಭಾಗದಲ್ಲಿ ಸರಾಸರಿ ಗಾಳಿ ಸೆಕೆಂಡಿಗೆ ಸುಮಾರು 7.5 ಮೀಟರ್. ತಮಿಳುನಾಡಿನ ಕನ್ಯಾಕುಮಾರಿ ಕಡೆ 10ರ ಹತ್ತಿರ. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಈ ಸಣ್ಣ ಅಂತರವೇ ಶಕ್ತಿಯಲ್ಲಿ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಯಂತ್ರಕ್ಕೆ ಅದರ ಮಿತಿ ಇರುವುದರಿಂದ ವಿದ್ಯುತ್ತಿನಲ್ಲಿ ಅಷ್ಟು ಅಂತರ ಬರುವುದಿಲ್ಲ. ಆದರೂ ಸಾಲ ಕೊಡುವ ಬ್ಯಾಂಕು ಗುಜರಾತಿನ ಲೆಕ್ಕವನ್ನು ಎರಡು ಸಲ ನೋಡುತ್ತದೆ.

ಗಾಳಿಗಿಂತ ಗಟ್ಟಿ ಸಮಸ್ಯೆ ನೆಲದ್ದು. ಖಂಭಾತ್ ಕೊಲ್ಲಿಯ ತಳದಲ್ಲಿ ಮೆತ್ತನೆಯ ಜೇಡಿಕೆಸರು ಇದೆ, ಭರತ ಇಳಿತದ ಸೆಳೆತವೂ ಜೋರು. ಇಂಥ ಕಡೆ ಆರೆಂಟು ಮೀಟರ್ ವ್ಯಾಸದ ಉಕ್ಕಿನ ಕೊಳವೆಯನ್ನು ಬಡಿದು ಇಳಿಸಿ ಅದರ ಮೇಲೆ ಯಂತ್ರ ಕೂರಿಸಬೇಕು. ಯಂತ್ರದ ರೆಕ್ಕೆ ಸುತ್ತುವ ಲಯಕ್ಕೂ ಕಂಬ ತೂಗುವ ಲಯಕ್ಕೂ ತಾಳೆಯಾಗದಂತೆ ವಿನ್ಯಾಸ ಮಾಡಿರುತ್ತಾರೆ. ಕೆಸರು ಅಂದಾಜಿಗಿಂತ ಮೆತ್ತಗಿದ್ದರೆ ಕಂಬದ ಲಯ ನಿಧಾನಗೊಂಡು ರೆಕ್ಕೆಯ ಲಯಕ್ಕೆ ಹತ್ತಿರವಾಗುತ್ತದೆ, ತೂಗಾಟ ಹೆಚ್ಚಿ ಬೆಸುಗೆಗಳು ವರ್ಷಗಳ ಮೊದಲೇ ದಣಿದು ಬಿರುಕು ಬಿಡುತ್ತವೆ. ಆದ್ದರಿಂದಲೇ ಒಂದೆರಡು ಕಡೆ ತೂತು ಕೊರೆದು ನೋಡಿದರೆ ಸಾಲದು. ಪ್ರತಿ ಯಂತ್ರದ ಜಾಗದಲ್ಲೂ ಕೋನ್, ಅಂದರೆ ಮೊನಚು ತುದಿಯ ಸರಳನ್ನು ತಳಕ್ಕೆ ಒತ್ತಿ ಮಣ್ಣು ಎಷ್ಟು ಗಟ್ಟಿಯೆಂದು ಪರೀಕ್ಷಿಸಬೇಕು. ಈ ಖರ್ಚು ಉಳಿಸಲು ಹೋಗುವುದು ದೊಡ್ಡ ತಪ್ಪು.

ಇನ್ನೊಂದು, ಸೆಳೆತ ಕಂಬದ ಬುಡ ತೋಡುವುದು. ಮರಳು ತಳದಲ್ಲಿ ಈ ಗುಂಡಿ ಕಂಬದ ವ್ಯಾಸದ 1.3 ಪಟ್ಟು ಆಳಕ್ಕೆ ಹೋಗಬಹುದು, ಅಂದರೆ 8 ಮೀಟರ್ ಕಂಬಕ್ಕೆ 10 ಮೀಟರ್ ಗುಂಡಿ. ಅದಕ್ಕೇ ಬುಡದ ಸುತ್ತ ಕಲ್ಲು ಸುರಿಯುತ್ತಾರೆ. ಉತ್ತರ ಸಮುದ್ರದ ಕೆಲವು ಯೋಜನೆಗಳಲ್ಲಿ ಅದೇ ಕಲ್ಲಿನ ಮೇಲೆ ಕೇಬಲ್ಲಿನ ರಕ್ಷಾಕವಚ ಉಜ್ಜಿ ಉಜ್ಜಿ ಸವೆದುಹೋಗಿದ್ದು ಮೊನ್ನೆಮೊನ್ನೆಯ ಪಾಠ.

ಇಷ್ಟಾದ ಮೇಲೆ ಮುಂಗಾರು. ರೆಕ್ಕೆ ಎತ್ತಿ ಕೂರಿಸುವ ಕ್ರೇನಿಗೆ ಗಾಳಿ ಸೆಕೆಂಡಿಗೆ 10–12 ಮೀಟರ್ ದಾಟಬಾರದು. ಆಳುಗಳು ದೋಣಿಯಿಂದ ಕಂಬದ ಏಣಿಗೆ ಕಾಲಿಡಲು ಅಲೆ ಸುಮಾರು ಒಂದೂವರೆ ಮೀಟರಿನೊಳಗಿರಬೇಕು. ಪಶ್ಚಿಮ ಕಡಲಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಸಿಗುವುದು ಅಪರೂಪ. ಹೊರದೇಶದಿಂದ ಬಾಡಿಗೆಗೆ ತಂದ ಕ್ರೇನ್ ಹಡಗು ಮೇ ಒಳಗೆ ಕೆಲಸ ಮುಗಿಸದಿದ್ದರೆ ಮುಂದಿನ ಅಕ್ಟೋಬರ್‌ವರೆಗೆ ಕಾಯಬೇಕು. ವಿದ್ಯುತ್ ಹೆಚ್ಚು ಸಿಗುವುದು ಮಳೆಗಾಲದಲ್ಲೇ. ಯಂತ್ರ ಕೆಟ್ಟರೆ ಹತ್ತಿರ ಹೋಗಲಾಗದ ಕಾಲವೂ ಅದೇ. ಆದ್ದರಿಂದ ಏಪ್ರಿಲ್–ಮೇ ತಿಂಗಳ ತಪಾಸಣೆಯನ್ನು ಯಾವ ಕಾರಣಕ್ಕೂ ಮುಂದೂಡಬಾರದು.

ಹಣದ ಮಾತು ಚುಟುಕಾಗಿ: 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 7,453 ಕೋಟಿ ರೂ. ನೆರವಿಗೆ ಒಪ್ಪಿತು. ಗುಜರಾತ್, ತಮಿಳುನಾಡಿಗೆ ತಲಾ 500 ಮೆಗಾವಾಟ್. ಅದರಲ್ಲೇ 600 ಕೋಟಿ ಎರಡು ಬಂದರುಗಳನ್ನು ಬಲಪಡಿಸಲು. ಗುಜರಾತಿನ ಟೆಂಡರ್ ಕರೆದರೂ ಗಡುವು ಮತ್ತೆಮತ್ತೆ ಮುಂದಕ್ಕೆ ಹೋಯಿತು. ಮೇಲೆ ಹೇಳಿದ ಅಪಾಯಗಳಿಗೆಲ್ಲ ಬೆಲೆ ಕಟ್ಟಲು ಕಂಪನಿಗಳು ಹಿಂಜರಿದರೆ ಅಚ್ಚರಿಯಿಲ್ಲ.

ಪ್ರಶ್ನೆ: ಗುಜರಾತ್ ಕಡಲಲ್ಲಿ ಯಂತ್ರ ಬಂದರೆ ಅವುಗಳ ನಡುವೆ ಬೋಟ್ ಹೋಗಬಹುದೇ? ಬಲೆ ಎಳೆಯಬಹುದೇ?
— ಟ್ರಾಲ್ ಬೋಟ್ ಮಾಲೀಕರು, ಮಲ್ಪೆ

ಹೋಗುವುದಕ್ಕೆ ಜಾಗ ಸಾಕಷ್ಟಿರುತ್ತದೆ. 15 ಮೆಗಾವಾಟ್ ಯಂತ್ರವಾದರೆ 500 ಮೆಗಾವಾಟ್‌ಗೆ 34 ಯಂತ್ರ ಬೇಕು. ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಎರಡು ಕಿ.ಮೀ. ಅಂತರ. ಹೋಗಲು ಬಿಡುತ್ತಾರೋ ಇಲ್ಲವೋ ಎನ್ನುವುದು ಕಾನೂನಿನ ಪ್ರಶ್ನೆ. ಬ್ರಿಟನ್ನಿನಲ್ಲಿ ಬಿಡುತ್ತಾರೆ, ಬೆಲ್ಜಿಯಂನಲ್ಲಿ ಬಿಡುವುದಿಲ್ಲ.

ಬಲೆ ಎಳೆಯುವುದು ಬೇರೆ ಮಾತು. ಗಾಳ, ಬೀಡುಬಲೆಗೆ ತೊಂದರೆ ಕಡಿಮೆ. ಟ್ರಾಲ್ ಬಲೆಯ ಹಲಗೆಗಳು ತಳ ಕೆರೆಯುತ್ತ ಬರುತ್ತವೆ, ಯಂತ್ರದಿಂದ ಯಂತ್ರಕ್ಕೆ ಹೋಗುವ ಕೇಬಲ್ 66 ಕಿಲೋವೋಲ್ಟಿನದು. ಹೂಳುವಾಗ ಒಂದೆರಡು ಮೀಟರ್ ಆಳಕ್ಕೆ ಹೂತರೂ ತಳ ಸರಿದ ಕಡೆ ಮೇಲೆ ಬರಬಹುದು. ಬಲೆ ಸಿಕ್ಕಿಕೊಂಡರೆ ವಿಂಚ್ ಹಾಕಿ ಜಗ್ಗಬೇಡಿ. ಬೋಟೇ ಮಗುಚುವ ಅಪಾಯವಿದೆ. ಹಗ್ಗ ಕತ್ತರಿಸಿ, ಜಾಗದ ಜಿಪಿಎಸ್ ಗುರುತಿಸಿ, ಕರಾವಳಿ ಕಾವಲು ಪಡೆಗೆ ತಿಳಿಸಿ.

ಹೆಚ್ಚಿನ ನಷ್ಟ ಆಗುವುದು ಕಟ್ಟುವಾಗ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಕಟ್ಟುವವರೂ ಆಗ ಕಡಲಿಗಿಳಿಯಲಾರರು. ಹಾಗಾಗಿ ಅವರ ಅಕ್ಟೋಬರ್–ಮೇ ಕೆಲಸ ನಿಮ್ಮ ದುಡಿಮೆಯ ಕಾಲದ ಮೇಲೇ ಬಂದು ಕೂರುತ್ತದೆ. ಪರಿಹಾರ ಕೇಳುವುದಾದರೆ ದಾಖಲೆ ಈಗಿನಿಂದಲೇ ಇರಲಿ: ಡೀಸೆಲ್ ಬಿಲ್, ಹರಾಜು ಚೀಟಿ, ಪ್ಲಾಟರ್‌ನಲ್ಲಿ (ಬೋಟಿನ ದಾರಿ ತೋರಿಸುವ ಜಿಪಿಎಸ್ ಪರದೆ) ಉಳಿಸಿದ ಎಳೆತದ ದಾರಿ, ಮೂರು ವರ್ಷದ್ದಾದರೂ. ಕೇಬಲ್ ದಾರಿಯನ್ನು ನಕಾಶೆಯಲ್ಲಲ್ಲ, ಪ್ಲಾಟರ್‌ಗೆ ಹಾಕಬಹುದಾದ ಫೈಲ್ ಆಗಿಯೇ ಕೊಡಿ ಎಂದು ಸಂಘದ ಮೂಲಕ ಬರವಣಿಗೆಯಲ್ಲಿ ಕೇಳಿ. ಹೂತ ಆಳದ ಸರ್ವೆಯನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಮಾಡಿ ಹಂಚಿಕೊಳ್ಳಬೇಕು ಎನ್ನುವುದೂ ನ್ಯಾಯವಾದ ಬೇಡಿಕೆಯೇ.

ಪ್ರಶ್ನೆ: ನಮ್ಮ ಕರಾವಳಿಗೂ ಬರುತ್ತದೆಯೇ?
— ಕಾರವಾರದ ಓದುಗರು

ಸದ್ಯಕ್ಕೆ ಲಕ್ಷಣವಿಲ್ಲ. ಕೇಂದ್ರ ಗುರುತಿಸಿದ ವಲಯಗಳು ಗುಜರಾತ್ ಮತ್ತು ತಮಿಳುನಾಡಿನಲ್ಲಿ ತಲಾ ಎಂಟು. ಕರ್ನಾಟಕದ್ದು ಒಂದೂ ಇಲ್ಲ. ನೆಲದ ಮೇಲಿನ ಗಾಳಿ ವಿದ್ಯುತ್ ಯೂನಿಟ್‌ಗೆ 3ರಿಂದ 4 ರೂ. ನಡುವೆ ಸಿಗುತ್ತಿರುವಾಗ, ಗದಗ, ಚಿತ್ರದುರ್ಗದ ಬಯಲಿನಲ್ಲಿ ಒಳ್ಳೆಯ ಗಾಳಿಯಿರುವ ರಾಜ್ಯ ಮೊದಲು ಅಲ್ಲಿನ ಹಳೆಯ ಸಣ್ಣ ಯಂತ್ರ ತೆಗೆದು ದೊಡ್ಡದು ಹಾಕುವುದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ.