ಪಿಸಿ ವಿಆರ್ ಕಥೆ ಮುಗಿಯಿತಾ? ಈಗ ಹೆಡ್‌ಸೆಟ್ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಮನೆಯಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಇದೆ. ಕಾರ್ ರೇಸಿಂಗ್, ವಿಮಾನದ ಸಿಮ್ಯುಲೇಟರ್ ಇಷ್ಟ. ಎಚ್‌ಪಿ ರಿವರ್ಬ್ ಜಿ2 ಅನ್ನುವ ಸೆಕೆಂಡ್ ಹ್ಯಾಂಡ್ ವಿಆರ್ ಹೆಡ್‌ಸೆಟ್ ಒಂದು ತುಂಬಾ ಅಗ್ಗಕ್ಕೆ ಸಿಗುತ್ತಿದೆ. ಆದರೆ ‘ಪಿಸಿ ವಿಆರ್ (ಪಿಸಿಗೆ ಹೆಡ್‌ಸೆಟ್ ಜೋಡಿಸಿ ಆಡುವ ವರ್ಚುವಲ್ ರಿಯಾಲಿಟಿ) ಸತ್ತುಹೋಯಿತು’ ಅಂತ ಎಲ್ಲ ಕಡೆ ಓದಿ ಅನುಮಾನ ಬಂದಿದೆ. ತಗೊಳ್ಳಲಾ, ಬಿಡಲಾ, ಕಾಯಲಾ? ಇಷ್ಟೇ ಅಲ್ವಾ?

ರಿವರ್ಬ್‌ನಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಅನುಮಾನಕ್ಕೂ ಉತ್ತರ ಅದರ ಕಥೆಯಲ್ಲೇ ಇದೆ.

ಅದು ಕೆಟ್ಟ ಹೆಡ್‌ಸೆಟ್ ಅಲ್ಲ. 2020ರ ನವೆಂಬರ್‌ನಲ್ಲಿ 599 ಡಾಲರ್‌ಗೆ ಬಂತು. ಒಂದೊಂದು ಕಣ್ಣಿಗೆ 2160x2160 ಪಿಕ್ಸೆಲ್. ಐದು ವರ್ಷ ಆದಮೇಲೆ, 2025ರ ನವೆಂಬರ್‌ನಲ್ಲಿ ವಾಲ್ವ್ ಕಂಪನಿ ತನ್ನ ಹೊಸ ಹೆಡ್‌ಸೆಟ್ ಸ್ಟೀಮ್ ಫ್ರೇಮ್ ತೋರಿಸಿದಾಗ ಅದರಲ್ಲಿ ಇದ್ದದ್ದೂ ಅಷ್ಟೇ ಪಿಕ್ಸೆಲ್. ಅಂದರೆ ರಿವರ್ಬ್‌ನ ಪರದೆ ಇನ್ನೂ ಹಳೆಯದಾಗಿಲ್ಲ. ಹಾಗಾದರೆ ಯಾಕೆ ಅಷ್ಟು ಅಗ್ಗ? ಅದು ಓಡುತ್ತಿದ್ದದ್ದು ಮೈಕ್ರೋಸಾಫ್ಟ್‌ನ ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ ಅನ್ನುವ ವಿಆರ್ ಸಾಫ್ಟ್‌ವೇರ್ ಮೇಲೆ. 2017ರಲ್ಲಿ ಏಸರ್, ಡೆಲ್, ಎಚ್‌ಪಿ, ಲೆನೊವೊ, ಸ್ಯಾಮ್‌ಸಂಗ್ ಎಲ್ಲರೂ ಸೇರಿ ಅದಕ್ಕೆ ಹೆಡ್‌ಸೆಟ್ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ‘ಇದನ್ನು ಕೈಬಿಡುತ್ತಿದ್ದೇವೆ’ ಎಂದಿತು. 2024ರ ವಿಂಡೋಸ್ 11 24ಎಚ್2 ಅಪ್‌ಡೇಟ್‌ನಲ್ಲಿ ತೆಗೆದೇ ಹಾಕಿತು. ಲೆನ್ಸ್ ಸರಿ ಇದೆ, ಪರದೆ ಸರಿ ಇದೆ, ಕೇಬಲ್ ಸರಿ ಇದೆ. ಆದರೆ ವಿಂಡೋಸ್ ಅಪ್‌ಡೇಟ್ ಮಾಡಿಕೊಂಡವರ ಪಿಸಿಗೆ ಹಾಕಿದರೆ ಏನೂ ಆಗುವುದಿಲ್ಲ.

ಹಳೆಯ 23ಎಚ್2 ಆವೃತ್ತಿಯಲ್ಲೇ ಕೂತವರಿಗೆ 2026ರ ನವೆಂಬರ್‌ವರೆಗೆ ಸ್ಟೀಮ್ (ವಾಲ್ವ್‌ನ ಆನ್‌ಲೈನ್ ಆಟಗಳ ಅಂಗಡಿ) ಜೊತೆ ಓಡುತ್ತದೆ ಅಂತ ಮಾತು ಕೊಟ್ಟಿದ್ದರು. ಆದರೆ ಆ ಆವೃತ್ತಿಯ ಹೋಮ್ ಮತ್ತು ಪ್ರೊಗೆ ಸೆಕ್ಯುರಿಟಿ ಅಪ್‌ಡೇಟ್ 2025ರ ನವೆಂಬರ್‌ಗೇ ನಿಂತಿತು. ಬ್ಯಾಂಕ್ ವ್ಯವಹಾರವನ್ನೂ ಅದೇ ಪಿಸಿಯಲ್ಲಿ ಮಾಡುವವರಿಗೆ ಇದನ್ನು ನಾನಂತೂ ಹೇಳುವುದಿಲ್ಲ.

ಆಮೇಲೆ ಒಂದು ಒಳ್ಳೆಯ ತಿರುವು ಬಂತು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಒಬ್ಬರು ಸ್ವಂತ ಆಸಕ್ತಿಯಿಂದ ಒಯಾಸಿಸ್ ಅನ್ನುವ ಡ್ರೈವರ್ (ಹೆಡ್‌ಸೆಟ್ ಓಡಿಸುವ ಸಾಫ್ಟ್‌ವೇರ್) ಬರೆದು 2025ರಲ್ಲಿ ಸ್ಟೀಮ್‌ನಲ್ಲಿ ಉಚಿತವಾಗಿ ಹಂಚಿದರು. ಎನ್‌ವಿಡಿಯಾ ಕಾರ್ಡ್ ಇದ್ದರೆ ಹೊಸ ವಿಂಡೋಸ್‌ನಲ್ಲೂ ಈ ಹೆಡ್‌ಸೆಟ್‌ಗಳು ಸ್ಟೀಮ್‌ನ ವಿಆರ್ ಸಾಫ್ಟ್‌ವೇರ್ ಆದ ಸ್ಟೀಮ್‌ವಿಆರ್‌ಗೆ ನೇರವಾಗಿ ಸಿಗುತ್ತವೆ. ನಿಮ್ಮದು ಎನ್‌ವಿಡಿಯಾ. ಹಾಗಾಗಿ ನಿಮಗೆ ದಾರಿ ಇದೆ. ಆದರೆ ಅದು ಒಬ್ಬ ಮನುಷ್ಯನ ಬಿಡುವಿನ ವೇಳೆಯ ಮೇಲೆ ನಿಂತಿರುವ ದಾರಿ ಅನ್ನುವುದು ಗೊತ್ತಿರಲಿ.

ಬೈಕಿನ ಜೊತೆ ಹೋಲಿಸಿ ನೋಡಿ. ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಮಾಡಿದ ಯೆಜ್ಡಿಗಳು ಇವತ್ತಿಗೂ ರಸ್ತೆಯಲ್ಲಿವೆ. ಪಾರ್ಟ್ ಸಿಗದಿದ್ದರೆ ಲೇತ್ ಅಂಗಡಿಗೆ ಹೋಗಿ ಕಡೆಸಿಕೊಂಡು ಬರಬಹುದು. ಹೆಡ್‌ಸೆಟ್‌ಗೆ ಆ ಭಾಗ್ಯ ಇಲ್ಲ. ತಲೆ ಎತ್ತ ತಿರುಗಿತು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಕಂಪನಿಯ ಬೀಗದೊಳಗೆ ಇರುತ್ತದೆ. ಕಂಪನಿ ಬಾಗಿಲು ಹಾಕಿದ ದಿನ ಒಳ್ಳೆಯ ಸಾಮಾನೂ ರದ್ದಿ. ಹಾಗಾಗಿ ‘ಪಿಸಿ ವಿಆರ್ ಸಾಯುತ್ತಾ’ ಅಂತ ಯೋಚಿಸುವುದಕ್ಕಿಂತ, ‘ನಾನು ತಗೊಳ್ಳುವ ಹೆಡ್‌ಸೆಟ್ ಯಾರ ಮರ್ಜಿಯಲ್ಲಿ ಓಡುತ್ತದೆ’ ಅಂತ ಕೇಳಿಕೊಳ್ಳಿ.

ಪಿಸಿ ವಿಆರ್ ಸತ್ತಿಲ್ಲ. ಬೆಳೆದೂ ಇಲ್ಲ. ಸ್ಟೀಮ್‌ನ ತಿಂಗಳ ಹಾರ್ಡ್‌ವೇರ್ ಸಮೀಕ್ಷೆ ನೋಡಿ. ವಿಆರ್ ಇರುವವರು ವರ್ಷಗಳಿಂದ ನೂರಕ್ಕೆ ಇಬ್ಬರ ಆಸುಪಾಸಿನಲ್ಲೇ ತೂಗಾಡುತ್ತಿದ್ದಾರೆ. ಕೇಳಲು ಜುಜುಬಿ. ಆದರೆ ಸ್ಟೀಮ್‌ಗೆ 2021ರಲ್ಲೇ ತಿಂಗಳಿಗೆ 13 ಕೋಟಿಗೂ ಹೆಚ್ಚು ಬಳಕೆದಾರರಿದ್ದರು. ಅದರಲ್ಲಿ ನೂರಕ್ಕೆ ಎರಡು ಅಂದರೂ 20 ಲಕ್ಷ ದಾಟುತ್ತದೆ. ಒಂದು ಹವ್ಯಾಸ ಬದುಕಿರಲು ಇಷ್ಟು ಜನ ಧಾರಾಳ ಸಾಕು. ಕೋಟಿಗಟ್ಟಲೆ ಡಾಲರ್ ಸುರಿದು ದೊಡ್ಡ ಆಟ ಮಾಡಲು ಸಾಲದು.

ನಿಮಗೆ ಕಾಣುತ್ತಿರುವ ‘ಸಾವು’ ಈ ಎರಡನೆಯದು, ಅಂದರೆ ದೊಡ್ಡ ಆಟಗಳು ಬರದಿರುವುದು. 2020ರ ಮಾರ್ಚ್‌ನಲ್ಲಿ ಹಾಫ್-ಲೈಫ್: ಅಲಿಕ್ಸ್ ಅನ್ನುವ ವಾಲ್ವ್‌ನ ದೊಡ್ಡ ವಿಆರ್ ಆಟ ಬಂದಾಗ ಇನ್ನು ಇಂಥವೇ ಸಾಲುಸಾಲು ಬರುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. ಬರಲಿಲ್ಲ. ಅದಕ್ಕೆ ಮುಂಚೆ ಪಿಸಿಗೆ ದೊಡ್ಡ ವಿಆರ್ ಆಟಗಳು ಹೆಚ್ಚಾಗಿ ಬರುತ್ತಿದ್ದದ್ದು ಫೇಸ್‌ಬುಕ್ ದುಡ್ಡಿನಿಂದ. 2014ರಲ್ಲಿ ವಿಆರ್ ಹೆಡ್‌ಸೆಟ್ ಕಂಪನಿ ಆಕ್ಯುಲಸ್ ಅನ್ನು 200 ಕೋಟಿ ಡಾಲರ್‌ಗೆ ಕೊಂಡವರು ಅವರು. ಲೋನ್ ಎಕೊ, ಅಸ್ಗಾರ್ಡ್ಸ್ ರಾತ್ ಅಂಥ ಆಟಗಳು ಆ ಕಾಲದ ಬೆಳೆ. ಆಮೇಲೆ ಪಿಸಿ ಬೇಡದ ಅವರ ಕ್ವೆಸ್ಟ್ ಹೆಡ್‌ಸೆಟ್ ಓಡತೊಡಗಿತು. 2020ರಲ್ಲಿ ಕ್ವೆಸ್ಟ್ 2 ಬೆಲೆ 299 ಡಾಲರ್. ಪಿಸಿಗೆ ಅಂತಲೇ ಮಾಡಿದ್ದ ಅವರ ರಿಫ್ಟ್ ಎಸ್ 2019ರಲ್ಲಿ ಬಂದು 2021ಕ್ಕೇ ನಿಂತುಹೋಯಿತು. ಅಸ್ಗಾರ್ಡ್ಸ್ ರಾತ್ ಎರಡನೇ ಭಾಗ 2023ರಲ್ಲಿ ಬಂದಾಗ ಪಿಸಿಗೆ ಬರಲೇ ಇಲ್ಲ.

ಅದಾದರೂ ಅವರಿಗೆ ಲಾಭ ತಂದಿತಾ? ಮೆಟಾದ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) ವಿಆರ್ ನೋಡಿಕೊಳ್ಳುವ ರಿಯಾಲಿಟಿ ಲ್ಯಾಬ್ಸ್ ವಿಭಾಗ 2024ರ ಒಂದೇ ವರ್ಷದಲ್ಲಿ 1,770 ಕೋಟಿ ಡಾಲರ್ ನಷ್ಟ ತೋರಿಸಿತು. ಲೋನ್ ಎಕೊ ಮಾಡಿದ ರೆಡಿ ಅಟ್ ಡಾನ್ ಸ್ಟುಡಿಯೋವನ್ನು 2024ರಲ್ಲಿ ಮುಚ್ಚಿದರು. ಅಸ್ಗಾರ್ಡ್ಸ್ ರಾತ್ ಮಾಡಿದ ಸಾಂಜಾರುವನ್ನು 2026ರ ಜನವರಿಯಲ್ಲಿ ಮುಚ್ಚಿದರು. ಈ ಸುದ್ದಿಗಳನ್ನೇ ಓದಿ ಜನ ‘ವಿಆರ್ ಸತ್ತಿತು’ ಅನ್ನುವುದು. ನನ್ನ ಪ್ರಕಾರ ಸತ್ತದ್ದು ವಿಆರ್‌ಗೆ ಸಿಗುತ್ತಿದ್ದ ಪುಕ್ಕಟೆ ದುಡ್ಡು.

ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಇದೆ: ಕಾರ್ ರೇಸಿಂಗ್, ವಿಮಾನ. ಹಾಗಿದ್ದರೆ ಮೇಲಿನದು ಅರ್ಧಕ್ಕರ್ಧ ನಿಮಗೆ ಸಂಬಂಧವೇ ಇಲ್ಲ. ಸಿಮ್ಯುಲೇಟರ್‌ಗಳು ವಿಆರ್‌ಗೆ ಅಂತ ಹುಟ್ಟಿದ ಆಟಗಳಲ್ಲ. ಐರೇಸಿಂಗ್, ಅಸೆಟ್ಟೊ ಕೊರ್ಸಾ, ಡಿಸಿಎಸ್ ವರ್ಲ್ಡ್ ಎಲ್ಲಕ್ಕೂ ಸಾಮಾನ್ಯ ಮಾನಿಟರ್‌ನ ಆಟಗಾರರೇ ಗಿರಾಕಿಗಳು. ವಿಆರ್ ಅದರಲ್ಲಿ ಒಂದು ಆಯ್ಕೆ ಅಷ್ಟೇ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ವಿಆರ್ ಸೇರಿದ್ದು 2020ರ ಡಿಸೆಂಬರ್‌ನಲ್ಲಿ. ವಿಆರ್ ಕಂಪನಿಗಳು ಮುಳುಗಿದರೂ ಈ ಆಟಗಳು ಮುಳುಗುವುದಿಲ್ಲ. ಜೊತೆಗೆ ಇಲ್ಲಿ ಕುರ್ಚಿಯಲ್ಲಿ ಕೂತೇ ಆಡುತ್ತೀರಿ. ಕೈಯಲ್ಲಿ ನಿಜವಾದ ಸ್ಟಿಯರಿಂಗ್ ಇರುತ್ತದೆ. ಕೋಣೆ ಖಾಲಿ ಮಾಡಬೇಕಿಲ್ಲ, ಗೋಡೆಗೆ ಗುದ್ದುವ ಭಯ ಇಲ್ಲ.

ನಾನು ಬಳಸುವುದೂ ಇದಕ್ಕೇ. ತಿರುವಿನ ಒಳಗಿನ ಅಂಚನ್ನು ಕತ್ತು ಹೊರಳಿಸಿ ನೋಡಿ ಬ್ರೇಕ್ ಬಿಡುವ ರುಚಿ ಒಮ್ಮೆ ಹತ್ತಿದರೆ ಮೂರು ಮಾನಿಟರ್ ಇಟ್ಟರೂ ಸಪ್ಪೆ ಅನ್ನಿಸುತ್ತದೆ. ದೂರ ಎಷ್ಟು, ಮುಂದಿನ ಕಾರು ಎಷ್ಟು ಹತ್ತಿರ ಅನ್ನುವುದು ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ಬಂದಾಗಲೇ ಸರಿಯಾಗಿ ಗೊತ್ತಾಗುವುದು.

ಸಿಮ್ ಬಿಟ್ಟರೆ ಇನ್ನೊಂದು ಜೀವಾಳ ಹವ್ಯಾಸಿಗಳ ಮಾಡ್‌ಗಳು, ಅಂದರೆ ಆಟಕ್ಕೆ ಹೊರಗಿನವರು ಮಾಡುವ ಮಾರ್ಪಾಡುಗಳು. ಯುಇವಿಆರ್ ಅನ್ನುವ ಉಚಿತ ಸಾಧನ ಅನ್‌ರಿಯಲ್ ಎಂಜಿನ್ ಅನ್ನುವ ಆಟ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಮಾಮೂಲಿ ಆಟಗಳನ್ನು ವಿಆರ್‌ನಲ್ಲಿ ತೆರೆಯುತ್ತದೆ. ಎಲ್ಲವೂ ಚೆನ್ನಾಗಿ ಓಡುವುದಿಲ್ಲ, ಕೆಲವು ಒದ್ದಾಡುತ್ತವೆ. ಆದರೂ ಹೊಸ ಆಟ ಇಲ್ಲ ಅನ್ನುವ ಗೋಳಿಗೆ ಇದು ದೊಡ್ಡ ಸಮಾಧಾನ.

ಸರಿ, ಕಾಯಬೇಕಾ? ಕಾಯುವ ಮನಸ್ಸಿದ್ದರೆ ಕಾಯಲು ಯೋಗ್ಯವಾದದ್ದು ಸ್ಟೀಮ್ ಫ್ರೇಮ್. ಸ್ವಂತ ಚಿಪ್ ಇದೆ, ಆದರೆ ಮುಖ್ಯ ಕೆಲಸ ಪಿಸಿಯಿಂದ ವೈರ್ ಇಲ್ಲದೆ ಚಿತ್ರ ತರಿಸಿಕೊಳ್ಳುವುದು. ಅದರಲ್ಲಿರುವ ಜಾಣತನ ನನಗೆ ತುಂಬಾ ಹಿಡಿಸಿದೆ. ನಿಮ್ಮ ಕಣ್ಣು ಎತ್ತ ನೋಡುತ್ತಿದೆ ಅಂತ ಕ್ಯಾಮೆರಾ ಗಮನಿಸುತ್ತದೆ. ಆ ಜಾಗದ ಚಿತ್ರವನ್ನು ಮಾತ್ರ ಪೂರ್ತಿ ಗುಣಮಟ್ಟದಲ್ಲಿ ಕಳಿಸುತ್ತದೆ, ಉಳಿದದ್ದನ್ನು ಹಿಂಡಿ ಕಳಿಸುತ್ತದೆ. ಕಣ್ಣಂಚಿನಲ್ಲಿ ನಮಗೆ ಹೇಗೂ ಸ್ಪಷ್ಟ ಕಾಣುವುದಿಲ್ಲವಲ್ಲ. ಬೆಲೆ ತನ್ನ ಹಳೆಯ 999 ಡಾಲರ್‌ನ ಇಂಡೆಕ್ಸ್ ಹೆಡ್‌ಸೆಟ್‌ಗಿಂತ ಕಡಿಮೆ ಇರಿಸುತ್ತೇವೆ ಅಂತ ವಾಲ್ವ್ 2025ರಲ್ಲಿ ಹೇಳಿತ್ತು.

ಆದರೆ ನಮಗೆ ಇಲ್ಲಿ ಎರಡು ತೊಡಕು. ವಾಲ್ವ್ ತನ್ನ ಇಂಡೆಕ್ಸ್ ಆಗಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಆಗಲಿ ಭಾರತದಲ್ಲಿ ಅಧಿಕೃತವಾಗಿ ಮಾರಲಿಲ್ಲ. ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿ ಬೆಲೆ ಏರುತ್ತದೆ, ವಾರಂಟಿ ಕೈಗೆ ಸಿಗುವುದಿಲ್ಲ. ಇನ್ನೊಂದು, ಸ್ಟೀಮ್ ಫ್ರೇಮ್ ಜೊತೆ ಕೊಡುವ ಡಾಂಗಲ್ (ಪಿಸಿಗೆ ಚುಚ್ಚುವ ಪುಟ್ಟ ವೈರ್‌ಲೆಸ್ ಸಾಧನ) ಬಳಸುವುದು 6 ಗಿಗಾಹರ್ಟ್ಸ್ ತರಂಗ. ಆ ಬ್ಯಾಂಡ್‌ನ ಕೆಳಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಡುವ ಕರಡು ನಿಯಮ ನಮ್ಮ ಕೇಂದ್ರ ಸರ್ಕಾರ ಹೊರಡಿಸಿದ್ದೇ 2025ರ ಮೇನಲ್ಲಿ. ಇಲ್ಲಿ ಎಷ್ಟೋ ಮನೆಗಳ ರೌಟರ್ ಇನ್ನೂ 5 ಗಿಗಾಹರ್ಟ್ಸ್‌ನದೇ.

ಇವತ್ತೇ ತಗೊಳ್ಳುವುದಾದರೆ ಹೆಚ್ಚಿನವರಿಗೆ ನಾನು ಹೇಳುವುದು ಕ್ವೆಸ್ಟ್ 3 ಅಥವಾ 3ಎಸ್. ಮೆಟಾ ಬಗ್ಗೆ ಇಷ್ಟೆಲ್ಲ ಹೇಳಿ ಅದನ್ನೇ ತಗೊಳ್ಳಿ ಅನ್ನುತ್ತೀರಲ್ಲ ಅಂದರೆ, ಕಾರಣ ಇದೆ. ಸ್ಟೀಮ್‌ನಲ್ಲಿ ಕಾಣುವ ಹೆಡ್‌ಸೆಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಟಾದ್ದೇ. ಅದನ್ನು ಪಿಸಿಗೆ ಜೋಡಿಸಲು ಮೆಟಾದ ಸ್ವಂತ ಲಿಂಕ್ ಒಂದೇ ದಾರಿ ಅಲ್ಲ. ವಾಲ್ವ್‌ನ ಸ್ಟೀಮ್ ಲಿಂಕ್ ಇದೆ, ದುಡ್ಡು ಕೊಟ್ಟು ಕೊಳ್ಳುವ ವರ್ಚುವಲ್ ಡೆಸ್ಕ್‌ಟಾಪ್ ಇದೆ. ಮೂರರಲ್ಲಿ ಒಂದು ನಿಂತರೆ ಇನ್ನೆರಡು ಇರುತ್ತವೆ. ರಿವರ್ಬ್‌ನವರಿಗೆ ಇಲ್ಲದಿದ್ದದ್ದು ಇದೇ. ಕೊರತೆ ಅಂದರೆ ಚಿತ್ರ ವಿಡಿಯೋ ಆಗಿ ಹಿಂಡಿಕೊಂಡು ಬರುತ್ತದೆ. ರಾತ್ರಿ ರೇಸ್‌ನಲ್ಲಿ ಕತ್ತಲೆಯ ಭಾಗ ಕಲೆಕಲೆಯಾಗಿ ಕಾಣಬಹುದು. ಪಿಸಿಯಿಂದ ರೌಟರ್‌ಗೆ ಲ್ಯಾನ್ ಕೇಬಲ್ ಹಾಕಿ, ರೌಟರ್ ಅದೇ ಕೋಣೆಯಲ್ಲಿರಲಿ. ಇಲ್ಲಿ ಮಾರುವ ಎಷ್ಟೋ ಪೀಸ್‌ಗಳು ಹೊರಗಿನಿಂದ ತಂದವು. ವಾರಂಟಿ ಯಾರು ಕೊಡುತ್ತಾರೆ ಅಂತ ಮೊದಲೇ ಕೇಳಿ.

ಸಿಮ್ ಮಾತ್ರ ಆಡುತ್ತೇನೆ ಅನ್ನುವವರಿಗೆ ಪ್ಲೇಸ್ಟೇಷನ್ ವಿಆರ್2 ಕೂಡ ಕೆಟ್ಟದ್ದಲ್ಲ. 2024ರ ಆಗಸ್ಟ್‌ನಿಂದ ಸೋನಿ ಅದಕ್ಕೆ ಪಿಸಿ ಅಡಾಪ್ಟರ್ ಕೊಡುತ್ತಿದೆ. ಓಎಲ್‌ಇಡಿ ಪರದೆ, ಚಿತ್ರ ನೇರ ವೈರ್‌ನಲ್ಲೇ ಬರುತ್ತದೆ. ಆದರೆ ಪಿಸಿಯಲ್ಲಿ ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸುವ ಸೌಲಭ್ಯ), ಕಣ್ಣಿನ ಟ್ರ್ಯಾಕಿಂಗ್ ಎರಡಕ್ಕೂ ಸೋನಿಯ ಅಧಿಕೃತ ಬೆಂಬಲ ಇಲ್ಲ. 107 ಗ್ರಾಂ ತೂಗುವ ಬಿಗ್‌ಸ್ಕ್ರೀನ್ ಬಿಯಾಂಡ್ 2 ಅಂಥವು ನೋಡಲು ಚಂದ. ಆದರೆ ತಲೆ ಎತ್ತ ತಿರುಗಿತು ಅಂತ ಗುರುತಿಸಲು ಕೋಣೆಯಲ್ಲಿ ಇಡುವ ಬೇಸ್ ಸ್ಟೇಷನ್ ಬೇರೆ ಕೊಳ್ಳಬೇಕು. ಮೊದಲ ಹೆಡ್‌ಸೆಟ್‌ಗೆ ಅಷ್ಟು ಸುರಿಯಬೇಡಿ.

ನಿಮ್ಮ 4070 ರೇಸಿಂಗ್‌ಗೆ ಆರಾಮ. ಫ್ಲೈಟ್ ಸಿಮ್ಯುಲೇಟರ್‌ಗೆ ಸೆಟ್ಟಿಂಗ್ಸ್ ಇಳಿಸಬೇಕಾಗುತ್ತದೆ. 90 ಹರ್ಟ್ಸ್ (ಸೆಕೆಂಡಿಗೆ 90 ಚಿತ್ರ) ಅಂದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 11 ಮಿಲಿಸೆಕೆಂಡ್, ಅಷ್ಟರಲ್ಲಿ ಎರಡು ಕಣ್ಣಿಗೂ ಚಿತ್ರ ಬಿಡಿಸಬೇಕು. ಅದು ತಪ್ಪಿದಾಗಲೇ ತಲೆ ಸುತ್ತುವುದು ಜಾಸ್ತಿ. ಶುರುವಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಆಡಿ. ಹೊಟ್ಟೆ ತೊಳಸಿದ ತಕ್ಷಣ ತೆಗೆದಿಡಿ, ಹಟ ಮಾಡಿ ಮುಂದುವರಿಸಿದರೆ ಇನ್ನೂ ಕೆಡುತ್ತದೆ. ಎದುರಿಗೆ ಒಂದು ಟೇಬಲ್ ಫ್ಯಾನ್ ಇಟ್ಟುಕೊಳ್ಳಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಇದನ್ನು ಮುಖಕ್ಕೆ ಕಟ್ಟಿಕೊಳ್ಳುವುದು ಶಿಕ್ಷೆ.

ಇಷ್ಟು ಹೇಳಿದ ಮೇಲೂ ರಿವರ್ಬ್ ಮೇಲೆ ಮನಸ್ಸಿದ್ದರೆ ನಾನು ಬೇಡ ಅನ್ನುವುದಿಲ್ಲ. ವಿಆರ್ ನಿಮಗೆ ಒಗ್ಗುತ್ತದಾ ಅಂತ ನೋಡಲು ಅಷ್ಟು ಅಗ್ಗದ ದಾರಿ ಬೇರೆ ಇಲ್ಲ. ಹೋದರೂ ಹೋಗಲಿ ಅನ್ನುವಷ್ಟು ದುಡ್ಡು ಮಾತ್ರ ಕೊಡಿ. ಮಾರುವವರ ಮನೆಯಲ್ಲೇ ಹಾಕಿಕೊಂಡು ನೋಡಿ. ಬರೀ ಪರದೆ ಹತ್ತಿದರೆ ಸಾಲದು, ತಲೆ ತಿರುಗಿಸಿದಾಗ ಚಿತ್ರ ಜೊತೆಗೇ ತಿರುಗಬೇಕು, ಎರಡೂ ಕಂಟ್ರೋಲರ್ ಕೆಲಸ ಮಾಡಬೇಕು. ಅವರ ಪಿಸಿಯಲ್ಲಿ ಇನ್ನೂ ಹಳೆಯ ವಿಂಡೋಸ್ ಇದ್ದರೆ ಅಲ್ಲಿ ಓಡಿದ್ದು ನಿಮ್ಮಲ್ಲಿ ಓಡುತ್ತದೆ ಅಂತ ಅರ್ಥ ಅಲ್ಲ, ಒಯಾಸಿಸ್ ಹಾಕಿ ತೋರಿಸಿ ಅನ್ನಿ. ಕೇಬಲ್ ಯಾವುದು ಅಂತಲೂ ಕೇಳಿ. ಮೊದಲ ಬ್ಯಾಚ್‌ನ ಕೇಬಲ್‌ಗಳು ಕೆಲವು ಪಿಸಿಗಳ ಜೊತೆ ತಕರಾರು ಮಾಡುತ್ತಿದ್ದವು, ಆಮೇಲೆ ಎಚ್‌ಪಿ ಬದಲಿಸಿದ ಎರಡನೇ ಆವೃತ್ತಿಯದು ವಾಸಿ. ಅದರ ಮಧ್ಯದ ಪುಟ್ಟ ಡಬ್ಬಿಯಲ್ಲಿ ಪವರ್ ಬಟನ್ ಇರುತ್ತದೆ.